ಸೋತ ಕಾಲು ಮುಂದೆ

ಬೆಳಿಗ್ಗೆ ಹೊತ್ತು ಕಾರಿನಲ್ಲಿ ಕೂತು ಹೋಗುವವರಿಗಿಂತ ಸುಖಿಗಳು ಈ ಊರಿನಲ್ಲಿ ಯಾರೂ ಇಲ್ಲ ಎಂದು ತಂಗೆವ್ವ ಮೊದಮೊದಲು ತಿಳಿದಿದ್ದಳು. ಗಾಜು ಏರಿಸಿಕೊಂಡು, ತಣ್ಣನೆಯ ಗಾಳಿ ಬಿಟ್ಟುಕೊಂಡು, ಹಾಡು ಕೇಳುತ್ತಾ ಹೋಗುವವರಿಗೆ ಏನು ಕಡಿಮೆ? ಬಿಟಿಎಂ ಎರಡನೇ ಹಂತದ ಆ ಬೀದಿಯಲ್ಲಿ ಒಂದು ವಾರ ಗೇಟು ಹಿಡಿದು ನಿಂತು ನೋಡಿದ ಮೇಲೆ ಅವಳಿಗೆ ಸಂಶಯ ಹುಟ್ಟಿತು. ಸುಖವಾಗಿ ಕೂತವರು ಇಷ್ಟೊಂದು ಹಾರ್ನ್ ಯಾಕೆ ಹೊಡೆಯುತ್ತಾರೆ?

ಅವಳು ಹುನಗುಂದದ ಕಡೆಯವಳು. ಮಗಳು ರಾಜಶ್ರೀ ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು, ಅಳಿಯ ಬಸವಂತ ಲಿಫ್ಟ್ ರಿಪೇರಿ ಮಾಡುವವನು. ಇಬ್ಬರದೂ ಪಾಳಿಯ ಕೆಲಸ. ಒಂದನೇ ಕ್ಲಾಸಿನ ಮೊಮ್ಮಗಳು ಸನ್ನಿಧಿಯನ್ನು ನೋಡಿಕೊಳ್ಳಲೆಂದು ತಂಗೆವ್ವ ಗಂಡನಿಗೆ ಹೇಳಿ ಬಂದಿದ್ದಳು. ಗಂಡ ಭೀಮಪ್ಪ, "ಹೋಗಿ ಬಾ, ಆದ್ರ ಆ ಊರಾಗ ಕಾಲ ಮಡಚಿ ಕೂತು ಮೊಣಕಾಲ ಹಿಡಿಸ್ಕೊಂಡ ಬರಬ್ಯಾಡ" ಎಂದಿದ್ದ. ಅವನ ಚಿಂತೆಗೆ ಕಾರಣವಿತ್ತು. ತಂಗೆವ್ವ ನಡೆಯುವ ಹೆಂಗಸು. ಯುಗಾದಿಗೆ ಮುಂಚೆ ಅವರ ಊರಿಂದ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆಯಲ್ಲಿ, ಕಾವಿ ಬಟ್ಟೆ ಹೊದಿಸಿದ, ದೇವರು ಮಲ್ಲಯ್ಯನ ಕಾವಡಿಯಾದ ಕಂಬಿಯನ್ನು ಹೆಗಲ ಮೇಲೆ ಹೊತ್ತವರ ಹಿಂದೆ, ಬರಿಗಾಲಲ್ಲಿ, ಸುಡುವ ಡಾಂಬರಿನ ಮೇಲೆ, ಮದುವೆಯಾದಾಗಿನಿಂದ ನಡೆದವಳು. ಬಾಣಂತನ, ಜ್ವರ, ಬರ, ಯಾವುದೂ ಅವಳನ್ನು ಬಹಳ ವರ್ಷ ತಡೆದದ್ದಿಲ್ಲ.

ಜೂನಿನಲ್ಲಿ ಶಾಲೆಯ ವ್ಯಾನಿನವನು ಕೈಕೊಟ್ಟ. ರಾಜಶ್ರೀ ತಲೆ ಮೇಲೆ ಕೈ ಹೊತ್ತು ಕೂತಳು.

"ಸಾಲಿ ಎಷ್ಟ ದೂರ ಐತಿ?" ಎಂದಳು ತಂಗೆವ್ವ.

"ಇಲ್ಲೇ ಐತಿ ಅವ್ವಾ, ಆದ್ರ ರೋಡ್ ಭಾಳ ಕೆಟ್ಟ ಐತಿ."

"ಕೆಟ್ಟ ರೋಡ ನಾ ಕಂಡಿಲ್ಲೇನು? ನಾ ಕರ್ಕೊಂಡ ಹೊಕ್ಕೀನಿ."

ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಅದು ಸಪ್ಪೆಯಾಗುವ ಮುಂಚೆ ಶಾಲೆ ಸಿಗುತ್ತಿತ್ತು. ಅಷ್ಟು ದಾರಿಗೆ ಆ ಬೀದಿಯ ಮನೆಮನೆಯಿಂದಲೂ ಕಾರು ಹೊರಡುತ್ತಿತ್ತು. ಒಂದು ಮಗು, ಒಂದು ಚೀಲ, ಒಂದು ನೀರಿನ ಬಾಟಲಿ, ಅದಕ್ಕೊಂದು ಕಾರು! ಎಲ್ಲವೂ ಹೋಗಿ ಶಾಲೆಯ ತಿರುವಿನಲ್ಲಿ ಸಂತೆಗೆ ಬಂದ ಎಮ್ಮೆಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತಿದ್ದವು. ಮೊದಲ ದಿನವೇ ತಂಗೆವ್ವ ಮೊಮ್ಮಗಳ ಕೈ ಹಿಡಿದು ಅಷ್ಟನ್ನೂ ದಾಟಿ ಮುಂದೆ ಹೋದಳು. ಗಾಜಿನ ಹಿಂದಿನಿಂದ ಮಕ್ಕಳು ಮೂಗು ಒತ್ತಿಕೊಂಡು ಇವರನ್ನು ನೋಡಿದವು. ನಡೆದು ಹೋಗುವವರನ್ನು ಆ ಪರಿ ಆಸೆಯಿಂದ ನೋಡುವುದನ್ನು ತಂಗೆವ್ವ ಎಲ್ಲೂ ಕಂಡಿರಲಿಲ್ಲ.

ಜೊತೆ ಸೇರಿದವರಲ್ಲಿ ಮೊದಲಿನವಳು ಮನೆಯ ಓನರ್ ಮುನಿಯಕ್ಕನ ಮೊಮ್ಮಗಳು. ಮುನಿಯಕ್ಕ ಆ ಜಾಗ ಹಳ್ಳಿಯಾಗಿದ್ದಾಗಿನಿಂದ ಇದ್ದವಳು. ಈಗಿನ ಶಾಲೆಯ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಆಮೇಲೆ ಟೈಲರ್ ಅಂಗಡಿಯವರ ಮಗ ಬಂದ, ಎದುರು ಮನೆಯ ಅಕ್ಕತಂಗಿಯರು ಬಂದರು, ಕೊನೆಗೆ ಅಪಾರ್ಟ್‌ಮೆಂಟಿನವರೂ ಮಕ್ಕಳನ್ನು ಕಳಿಸತೊಡಗಿದರು. ಹನಿಹನಿ ಕೂಡಿದರೆ ಹಳ್ಳ. ಶ್ರಾವಣ ಬರುವಷ್ಟರಲ್ಲಿ ತಂಗೆವ್ವನ ಹಿಂಡು ಬೀದಿ ತುಂಬಿತು.

ಆ ಹಿಂಡು ನಡೆಸಲು ಅವಳೇನೂ ಹೊಸದನ್ನು ಕಂಡುಹಿಡಿಯಲಿಲ್ಲ. ಶ್ರೀಶೈಲದ ದಾರಿಯಲ್ಲಿ ಅತ್ತೆ ಕಲಿಸಿದ್ದನ್ನೇ ತಂದು ಇಲ್ಲಿ ಹಾಸಿದಳು. ಸೋತ ಕಾಲು ಮುಂದ, ಎನ್ನುವುದು ಮೊದಲ ಮಾತು. ಬಳಲಿದವರು, ಹೊಸಬರು, ಬೊಬ್ಬೆ ಎದ್ದವರು ಎಲ್ಲರಿಗಿಂತ ಮುಂದೆ ನಡೆಯಬೇಕು, ಉಳಿದವರು ಅವರ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಗಟ್ಟಿಮುಟ್ಟಾದವಳು ಎಲ್ಲರಿಗಿಂತ ಹಿಂದೆ. ಹಾಗಾಗಿ ತಂಗೆವ್ವನೇ ಕೊನೆ. ದಾರಿಯಲ್ಲಿ ಮುಳ್ಳು ಕಂಡರೆ ದಾಟಿಕೊಂಡು ಹೋಗುವಂತಿಲ್ಲ, ಎತ್ತಿ ಬದಿಗಿಡಬೇಕು, ಹಿಂದೆ ಬರುವವರದೂ ಬರಿಗಾಲೇ. ಇಲ್ಲಿ ಮುಳ್ಳು ಎಲ್ಲಿ? ಇಟ್ಟಿಗೆ ಚೂರು, ಒಡೆದ ಟೈಲ್ಸು, ಕೇಬಲ್ಲಿನ ಸುರುಳಿ. ಮಕ್ಕಳು ಪೈಪೋಟಿಯಲ್ಲಿ ಎತ್ತಿ ಬದಿಗಿಟ್ಟವು. ಫುಟ್‌ಪಾತಿನ ಮೇಲೆ ಸ್ಕೂಟರ್ ನಿಲ್ಲಿಸುತ್ತಿದ್ದ ಬೇಕರಿಯ ಮುತ್ತುರಾಜ ಎರಡು ದಿನ ಸುಮ್ಮನೆ ನೋಡಿದ. ಮೂರನೆಯ ದಿನ ಇಬ್ಬರು ಪುಟ್ಟ ಹುಡುಗಿಯರು ಸ್ಕೂಟರನ್ನು ಎತ್ತಲು ನಿಂತಾಗ ನಾಚಿಕೊಂಡು, "ಬಿಡ್ರಮ್ಮಾ, ನಾನೇ ತೆಗೀತೀನಿ" ಎಂದು ಓಡಿ ಬಂದ. ಕಿತ್ತುಹೋಗಿದ್ದ ಚಪ್ಪಡಿಗೆ ವಾರ್ಡಿನವರೂ ಒಂದು ದಿನ ಬಂದು ಸಿಮೆಂಟು ಮೆತ್ತಿದರು. ದಿನಾ ನಡೆಯುವವರು ಇದ್ದರೆ ದಾರಿಗೂ ಒಂದು ಮರ್ಯಾದೆ ಬರುತ್ತದೆ ಎಂದು ಕಾಣುತ್ತದೆ.

ಇನ್ನೊಂದು ಮಾತಿತ್ತು. ಕಂಬಿಯ ಹಿಂದೆ ಹೊರಟ ಮೇಲೆ ಯಾರಿಗೂ ಹೆಸರಿಲ್ಲ. ಗೌಡನೂ ಮಲ್ಲಯ್ಯ, ಆಳೂ ಮಲ್ಲಯ್ಯ. ತಂಗೆವ್ವ ಮಕ್ಕಳನ್ನೂ ಹಾಗೇ ಕರೆದಳು. "ನಡೀರಿ ಮಲ್ಲಯ್ಯಾ", "ಬೂಟಿನ ದಾರ ಕಟ್ಟಕೋ ಮಲ್ಲಯ್ಯಾ". ಮಕ್ಕಳಿಗೆ ಅದು ಸಖತ್ ಹಿಡಿಸಿತು. ಅವರೂ ಒಬ್ಬರನ್ನೊಬ್ಬರು ಉದ್ದ ಮಲ್ಲಯ್ಯ, ಗುಂಗುರು ಮಲ್ಲಯ್ಯ ಎನ್ನತೊಡಗಿದರು. ಶ್ರೀಶೈಲದಲ್ಲಿ ಸಲ್ಲುವುದು ಬಿಟಿಎಮ್ಮಿನಲ್ಲಿ ಸಲ್ಲದೆ ಏನು ಎಂದುಕೊಂಡಳು ತಂಗೆವ್ವ. ಅವಳು ಎಡವಿದ್ದು ಅಲ್ಲೇ.

ಇಷ್ಟರಲ್ಲಿ ಬೀದಿಯಲ್ಲಿ ಬೇರೆಯೂ ಏನೇನೋ ಆಗಿತ್ತು. ಮಗುವನ್ನು ಬಿಡುವ ಕೆಲಸ ತಪ್ಪಿದ ಮೇಲೆ ಕಾರು ತೆಗೆಯುವುದೇ ದಂಡ ಎಂದು ಕೆಲವರಿಗೆ ಅನಿಸಿತು. ಮೂಲೆಯ ಅಪಾರ್ಟ್‌ಮೆಂಟಿನ ಸೌಮ್ಯ ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಲೈನಿನ ಮೆಟ್ರೋ ಹಿಡಿದಳು. ಸ್ಟೇಷನ್ನಿಗೆ ನಡೆದೇ ಹೋಗುತ್ತಿದ್ದಳು. ಅವಳ ಮಗ ಗಗನ್ ಕನ್ನಡಕದ ಹುಡುಗ, ಮೂರನೇ ಕ್ಲಾಸು. ತನ್ನನ್ನೂ ಅಜ್ಜಿಯ ಜೊತೆ ಕಳಿಸಿ ಎಂದು ಅವನು ದುಂಬಾಲು ಬಿದ್ದಿದ್ದ. ಅಡ್ಡ ನಿಂತವನು ಅಪ್ಪ ಮನು. ಅವನು ಮುನಿಯಕ್ಕನ ಅಣ್ಣನ ಮಗ, ಜಯನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟವನು, ಮನೆಗಿಂತ ದೊಡ್ಡದೇನೋ ಎನ್ನುವಂಥ ಕಾರು ತಂದವನು.

"ಅತ್ತೆ, ನಾವು ಈ ಊರಿನ ಹಳೇ ಮನೆಯವರು. ನಮ್ಮ ಹುಡುಗ ರೋಡಲ್ಲಿ ನಡ್ಕೊಂಡು ಹೋದ್ರೆ ಜನ ಏನಂತಾರೆ?" ಎಂದಿದ್ದ ಮನು.

"ನಿಮ್ಮ ತಾತ ತಲೆ ಮೇಲೆ ಸೊಪ್ಪಿನ ಮೂಟೆ ಹೊತ್ಕೊಂಡು ಇಲ್ಲಿಂದ ಸಿಟಿ ಮಾರ್ಕೆಟ್‌ಗೆ ನಡೀತಿದ್ರು. ಆಗ ಏನೂ ಅನ್ನಲಿಲ್ಲ ಜನ, ಈಗ ಅಂತಾರಾ?" ಎಂದು ಮುನಿಯಕ್ಕ ಅವನ ಬಾಯಿ ಮುಚ್ಚಿಸಿದ್ದಳು.

ಅಂತೂ ಗಗನ್ ಬಂದ. ಹೊಸಬ, ನಡೆದು ರೂಢಿಯಿಲ್ಲ. ಹಾಗಾಗಿ ಎಲ್ಲರಿಗಿಂತ ಮುಂದೆ ನಿಂತ. ಮಕ್ಕಳು ಅವನಿಗೆ ಚಸ್ಮಾ ಮಲ್ಲಯ್ಯ ಎಂದು ಹೆಸರಿಟ್ಟರು.

ಅವನು ಬಂದ ವಾರವೇ ಆ ಬೆಳಗು. ಹಿಂದಿನ ರಾತ್ರಿ ಮಳೆ ಹೊಡೆದು ಗುಲ್‌ಮೊಹರಿನ ಕೊಂಬೆಯೊಂದು ಮುರಿದು ಫುಟ್‌ಪಾತಿಗೆ ಅಡ್ಡ ಬಿದ್ದಿತ್ತು. ಮಕ್ಕಳು ಒಬ್ಬೊಬ್ಬರಾಗಿ ಕೊಂಬೆ ದಾಟಿದರು. ಕೊನೆಯಲ್ಲಿದ್ದ ತಂಗೆವ್ವ ಸೆರಗು ಸಿಕ್ಕಿಸಿ ಅದನ್ನು ಎಳೆದು ಬದಿಗೆ ಹಾಕತೊಡಗಿದಳು. ಎಳೆದು ಮುಗಿಸಿ ತಲೆ ಎತ್ತುವಷ್ಟರಲ್ಲಿ ಹಿಂಡು ಶಾಲೆಯ ತಿರುವಿಗೆ ಹೋಗಿತ್ತು. ಓಡಿ ಗೇಟು ಮುಟ್ಟಿದಾಗ ಎಲ್ಲರೂ ಇದ್ದರು, ಮುಂದೆ ನಡೆಯುತ್ತಿದ್ದವನು ಮಾತ್ರ ಇರಲಿಲ್ಲ.

ಗೇಟಿನಲ್ಲಿ ಕಾವಲು ಬೋರಣ್ಣ. "ಯಾರಮ್ಮ ಇಲ್ಲ? ಹೆಸರು ಹೇಳಿ, ಮೈಕಲ್ಲಿ ಕೂಗಿಸ್ತೀನಿ" ಎಂದ.

"ಮಲ್ಲಯ್ಯ ಇಲ್ರೀ."

"ಯಾವ ಮಲ್ಲಯ್ಯ?"

"ಚಸ್ಮಾ ಮಲ್ಲಯ್ಯ."

"ಹೌದು ಅಂಕಲ್, ಚಸ್ಮಾ ಮಲ್ಲಯ್ಯ!" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದವು. ಅವನ ನಿಜವಾದ ಹೆಸರು ಬಲ್ಲ ಮುನಿಯಕ್ಕನ ಮೊಮ್ಮಗಳು ಅಂದು ಜ್ವರವೆಂದು ಮನೆಯಲ್ಲೇ ಉಳಿದಿದ್ದಳು. ಆಫೀಸಿನಲ್ಲಿ ಹುಡುಕಿದರು. ಇಡೀ ಶಾಲೆಯಲ್ಲಿ ಮಲ್ಲಯ್ಯ ಎನ್ನುವ ಒಂದು ಮಗುವೂ ಇರಲಿಲ್ಲ. "ಏನಮ್ಮಾ ಇದು, ಕರ್ಕೊಂಡ್ ಬರೋ ಮಗೂ ಹೆಸರೇ ಗೊತ್ತಿಲ್ವಾ ನಿಮಗೆ?" ಎಂದರು ಟೀಚರು. ತಂಗೆವ್ವನಿಗೆ ಅವನ ಕನ್ನಡಕ ಗೊತ್ತು, ನಕ್ಕರೆ ಕಾಣುವ ಮುರಿದ ಹಲ್ಲು ಗೊತ್ತು, ಹೆಸರು ಗೊತ್ತಿಲ್ಲ. ಯಾರೋ ಅಪಾರ್ಟ್‌ಮೆಂಟಿನ ಹುಡುಗ ಎಂದು ಗುರುತು ಹಚ್ಚಿ ಫೋನು ಮಾಡುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಸೌಮ್ಯ ಮೆಟ್ರೋ ಸ್ಟೇಷನ್ನಿನಿಂದ ಅಳುತ್ತಾ ಓಡಿ ಬಂದಳು.

ಆಗ ಕಾರುಗಳ ಸಾಲಿನಲ್ಲಿ ತೆವಳಿಕೊಂಡು ಮನುವಿನ ಕಾರು ಬಂತು. ಅದರಿಂದ ಗಗನ್ ಇಳಿದ.

"ಎಲ್ಲಿದ್ದ? ಎಲ್ಲಿ ಸಿಕ್ಕಿದ?" ಎಂದು ಸೌಮ್ಯ ಕಿರುಚಿದಳು.

ಮನು ಹೆಂಡತಿಯ ಮುಖ ನೋಡಿದ, ಸುತ್ತ ನಿಂತವರನ್ನು ನೋಡಿದ. "ರೋಡಲ್ಲಿ ಸಿಕ್ಕಿದ" ಎಂದ.

"ಒಬ್ಬನೇ?"

"ಹ್ಞೂಂ."

ಗಗನ್ ತಲೆ ತಗ್ಗಿಸಿ ಬೂಟು ನೋಡುತ್ತಾ ನಿಂತ.

ಸಂಜೆಯೊಳಗೆ ಬೀದಿಯ ವಾಟ್ಸಾಪಿನಲ್ಲಿ ಬಾಯಿದ್ದವರೆಲ್ಲ ಮಾತಾಡಿದರು. ಓದುಬರಹವಿಲ್ಲದ ಮುದುಕಿಯ ಕೈಗೆ ಮಕ್ಕಳನ್ನು ಕೊಟ್ಟವರು ನಾವೇ ದಡ್ಡರು ಎಂದರು. ನಿನ್ನೆಯವರೆಗೆ ಆಂಟಿ, ಆಂಟಿ ಎಂದು ಹಲ್ಲು ಕಿರಿಯುತ್ತಿದ್ದವರೇ ಇವರು! ಮರುದಿನದಿಂದ ಕಾರುಗಳು ಎದ್ದು ಬಂದವು. ಮುತ್ತುರಾಜನ ಸ್ಕೂಟರು ಕೂಡ ಫುಟ್‌ಪಾತಿಗೆ ವಾಪಸ್ಸಾಯಿತು.

"ಅವ್ವಾ, ಸಾಕ ಮಾಡು. ನಮ್ಮ ಕೂಸಿನ್ನಷ್ಟ ಕರ್ಕೊಂಡ ಹೋಗು" ಎಂದಳು ರಾಜಶ್ರೀ ಮೆಲ್ಲಗೆ.

ತಂಗೆವ್ವ ಆ ರಾತ್ರಿ ಊಟ ಮಾಡಲಿಲ್ಲ. ಬೈದವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ತನ್ನ ಮೇಲೇ ಇತ್ತು. ಶ್ರೀಶೈಲದ ದಾರಿಯಲ್ಲಿ ಒಬ್ಬರು ಹಿಂದೆ ಬಿದ್ದರೂ ಕಂಬಿ ನಿಲ್ಲುತ್ತದೆ. ಇಲ್ಲಿ ಮುಂದಿದ್ದ ಮಗುವೇ ಜಾರಿಹೋಗಿದೆ, ತನಗೆ ಗೊತ್ತೇ ಆಗಲಿಲ್ಲ. ಮಲ್ಲಯ್ಯ ಎಂದು ಕರೆದರೆ ದೇವರಿಗೆ ತಿಳಿದೀತು, ಮೈಕಿನವನಿಗೆ ಹೇಗೆ ತಿಳಿಯಬೇಕು? ಈ ಊರು ತನಗೆ ಒಗ್ಗುವುದಿಲ್ಲ, ಮಕ್ಕಳು ತನ್ನ ಕೈಗೆ ಮತ್ತೆ ಬರದಿದ್ದರೆ ಈ ಊರಿನಲ್ಲಿ ತನಗೇನು ಕೆಲಸ, ಮಗಳಿಗೆ ಬೇರೆ ವ್ಯವಸ್ಥೆಯಾದ ಕೂಡಲೇ ಹುನಗುಂದದ ಬಸ್ಸು ಹತ್ತುವುದೇ ಸರಿ ಎಂದುಕೊಂಡಳು. ಬೆಳಗಿನ ಜಾವ ಅತ್ತೆಯ ಇನ್ನೊಂದು ಮಾತು ನೆನಪಾಯಿತು. ದಾರಿಯಲ್ಲಿ ತಪ್ಪಾದರೆ ಯಾತ್ರೆ ಬಿಡುವಂತಿಲ್ಲ. ಹೊರಟ ಹೊಸ್ತಿಲಿಗೆ ಬಂದು ಮೊದಲಿನಿಂದ ಹೆಜ್ಜೆ ಹಾಕಬೇಕು.

ಸಂಜೆ ಅವಳು ಮನೆಮನೆಗೆ ಹೋದಳು. ಸಮಜಾಯಿಷಿ ಹೇಳಲಿಲ್ಲ. ಬಾಗಿಲಲ್ಲಿ ನಿಂತು, "ತಪ್ಪಾತ್ರಿ ನಂದು. ನಿಮ್ಮ ಕೂಸಿನ ಹೆಸರು ಹೇಳ್ರಿ, ಕಲ್ಕೊಂಡ ಹೊಕ್ಕೀನಿ" ಎಂದಳು. ಕೆಲವರು ಹೇಳಿದರು. ಕೆಲವರು ಯಾಕೆ ಬೇಕು ಎಂದರು. ಒಬ್ಬರು ಅರ್ಧ ತೆರೆದ ಬಾಗಿಲನ್ನು ಹಾಗೇ ಮುಚ್ಚಿದರು. ಆ ಮನೆಯ ಮಗುವಿನ ಹೆಸರನ್ನು ಸನ್ನಿಧಿ ಹೇಳಿಕೊಟ್ಟಳು. ಚಿನ್ಮಯಿ, ಪ್ರಣವ್, ಹಿತೈಷಿ, ನಾಲಿಗೆ ಹೊರಳದ ಹೆಸರುಗಳನ್ನು ತಂಗೆವ್ವ ರೊಟ್ಟಿ ಬಡಿಯುತ್ತಾ ಬಾಯಿಪಾಠ ಮಾಡಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ಆದರೂ ಬುದ್ಧಿ ಬಂತಲ್ಲ. ಎಷ್ಟೋ ಜನಕ್ಕೆ ಕೆಟ್ಟ ಮೇಲೂ ಬರುವುದಿಲ್ಲ.

ಕೊನೆಗೆ ಮನುವಿನ ಮನೆ. ಬಾಗಿಲು ತೆರೆದವನು ಅವನೇ. "ನಿಮ್ಮ ಮಗನ್ನ ಕೈಬಿಟ್ಟೆರೀ. ನನ್ನ ಕ್ಷಮಾ ಮಾಡ್ರಿ" ಎಂದು ತಂಗೆವ್ವ ಕೈ ಮುಗಿದಳು. ಮನು ಆ ಕೈಗಳನ್ನು ನೋಡಲಾರದೆ ಗೋಡೆ ನೋಡಿದ. "ಗಗನ್ ಅಂತ" ಎಂದಷ್ಟೇ ಹೇಳಿ ಒಳಗೆ ಹೋದ. ದೊಡ್ಡ ಮನೆಯವರ ಸಿಟ್ಟು ಎಂದುಕೊಂಡು ಅವಳು ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಹೊರಟವಳು ಪ್ರತಿ ಗೇಟಿನಲ್ಲೂ ನಿಂತು ಹೆಸರು ಹಿಡಿದು ಕೂಗಿದಳು. "ಚಿನ್ಮಯೀ, ಟೇಲರ್ ಮನಿ ಪ್ರಣವಾ, ಬರ್ತೀರೇನು?" ಯಾರೂ ಬರಲಿಲ್ಲ. ತುಸು ಹೊತ್ತು ಕಾದು ಮುಂದಿನ ಗೇಟಿಗೆ ಹೋದಳು. ಮನುವಿನ ಗೇಟಿನಲ್ಲೂ ಕೂಗಿದಳು. ಕಾರಿನವರು ನಕ್ಕರು. ಅವಳಿಗೆ ನಾಚಿಕೆಯಾಯಿತು, ಕೂಗುವುದನ್ನು ಬಿಡಲಿಲ್ಲ.

ಎರಡನೆಯ ದಿನ ಮುನಿಯಕ್ಕ ತನ್ನ ಮೊಮ್ಮಗಳನ್ನು ಕರೆದುಕೊಂಡು ಚಪ್ಪಲಿ ಮೆಟ್ಟಿ ಹೊರಬಂದಳು. "ನಾನೂ ಬರ್ತೀನಿ ಕಣೇ."

"ನಿಮಗ ಮೊಣಕಾಲ ನೋವ ಐತೆಲ್ಲರೀ ಅಕ್ಕಾರ."

"ಅದಕ್ಕೇ ಮುಂದೆ ನಿಲ್ಲಿಸು. ನಿನ್ನ ರೂಲ್ಸು ನಂಗೂ ಗೊತ್ತು."

ಆ ವಾರವೆಲ್ಲ ಹೀಗೇ ನಡೆಯಿತು. ಮುಂದೆ ಕುಂಟುತ್ತಾ ಮುನಿಯಕ್ಕ, ನಡುವೆ ಇಬ್ಬರು ಪುಟ್ಟ ಹುಡುಗಿಯರು, ಹಿಂದೆ ತಂಗೆವ್ವ. ಆ ಮೆರವಣಿಗೆ ಮುನಿಯಕ್ಕನ ಕಾಲಿನ ವೇಗದಲ್ಲಿ ಹೋಗುತ್ತಿತ್ತು, ಆದರೂ ಕಾರುಗಳನ್ನು ದಾಟುತ್ತಿತ್ತು. ದಾಟುವಾಗ ಒಂದು ಗಾಜಿನ ಹಿಂದೆ ಕನ್ನಡಕದ ಮುಖವೊಂದು ಕಾಣುತ್ತಿತ್ತು. "ಗಗನ್, ಆರಾಮ ಅದೀಯೇನಪಾ?" ಎಂದು ತಂಗೆವ್ವ ಕೈ ಬೀಸುತ್ತಿದ್ದಳು. ಸ್ಟೀರಿಂಗ್ ಹಿಡಿದವನು ಮಾತ್ರ ಇವರ ಕಡೆ ತಿರುಗುತ್ತಿರಲಿಲ್ಲ.

ಸೋಮವಾರ ಬಂತು. ಮನುವಿನ ಗೇಟಿನಲ್ಲಿ ತಂಗೆವ್ವ ಎಂದಿನಂತೆ, "ಗಗನ್, ನಡ್ಯಾಕ ಬರ್ತೀಯೇನೋ?" ಎಂದು ಕೂಗಿದಳು. ಗೇಟು ತೆರೆಯಿತು. ಗಗನ್ ಚೀಲ ಹಾಕಿಕೊಂಡು ಬಂದಿದ್ದ. ಅವನ ಕೈ ಹಿಡಿದು ಮನು ನಿಂತಿದ್ದ. ಕಾರು ಹಿಂದೆ ನೆಲಮಾಳಿಗೆಯಲ್ಲಿ ಬಟ್ಟೆ ಹೊದ್ದು ಮಲಗಿತ್ತು.

"ಅಮ್ಮಾ, ಒಂದ್ ಮಾತು" ಎಂದ ಮನು. "ಅವತ್ತು ಇವನು ತಪ್ಪಿಸ್ಕೊಂಡಿರ್ಲಿಲ್ಲ. ನಾನೇ ಡೋರ್ ತೆಗ್ದು ಒಳಗೆ ಕೂರಿಸ್ಕೊಂಡೆ."

"ನೀವಽ?"

"ನಾನು ಜಾಮಲ್ಲಿ ಸಿಕ್ಕಾಕೊಂಡು ಕೂತಿದ್ದೆ. ಇವನು ನಗ್ತಾ ನಗ್ತಾ ನನ್ನ ಕಾರು ದಾಟಿ ಹೋಗ್ತಿದ್ದ. ಉಳಿದ ಮಕ್ಕಳು ಇನ್ನೂ ಕೊಂಬೆ ದಾಟ್ತಾ ಹಿಂದೆ ಇದ್ರು, ಯಾರೂ ನೋಡ್ಲಿಲ್ಲ. ಯಾಕೋ ತಡ್ಕೊಳ್ಳಕ್ಕಾಗ್ಲಿಲ್ಲ, ಕರೆದೆ. ಗೇಟಲ್ಲಿ ಎಲ್ರೂ ಅಳ್ತಾ ನಿಂತಿದ್ರು. ನಿಜ ಹೇಳಕ್ಕೆ ಹೆದರಿಬಿಟ್ಟೆ. ಆಮೇಲೆ ನೀವು ದಿನಾ ಬಂದು ಇವನ ಹೆಸರು ಕೂಗ್ತಿದ್ರಿ."

ಮುನಿಯಕ್ಕ ಸೊಂಟದ ಮೇಲೆ ಕೈ ಇಟ್ಟಳು. "ಥೂ ನಿನ್ನ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡು ನೋಡ್ಕೊಳ್ಳೋ ಹಂಗೆ ವಾರದಿಂದ ಮುಖ ತಪ್ಪಿಸ್ಕೊಂಡು ಓಡಾಡ್ತಿದ್ದಾಗಲೇ ನಂಗೆ ಅನುಮಾನ ಇತ್ತು. ಈಯಮ್ಮ ನಿನ್ನ ಬಾಗಿಲಿಗೆ ಬಂದು ಕೈ ಮುಗಿದಳಲ್ಲೋ!"

ತಂಗೆವ್ವನಿಗೂ ಸಿಟ್ಟು ಬಂತು. ಬಾರದೆ ಇರಲು ಅವಳೇನು ಕಲ್ಲೇ? ಊಟ ಬಿಟ್ಟ ರಾತ್ರಿ, ಮುಚ್ಚಿದ ಬಾಗಿಲು, ಮಗಳ ಬಾಡಿದ ಮುಖ ಎಲ್ಲ ಒಟ್ಟಿಗೆ ನೆನಪಾಗಿ ಕಣ್ಣಲ್ಲಿ ನೀರು ನಿಂತಿತು. ಅವಳು ಸೆರಗಿನಿಂದ ಒರೆಸಿಕೊಂಡಳು. ಎದುರಿಗೆ ನಿಂತವನ ಕಾಲು ಕಣ್ಣಿಗೆ ಬಿತ್ತು. ಹೊಸ ಬೂಟು, ಮಡಿಕೆ ಬೀಳದ್ದು. ಈ ಬೀದಿಯಲ್ಲೇ ಹುಟ್ಟಿ ಬೆಳೆದವನು ಈ ಬೀದಿಯನ್ನು ನಡೆದು ಎಷ್ಟು ವರ್ಷವಾಯಿತೋ.

"ಇದನ್ನ ನನಗಷ್ಟ ಹೇಳಿದ್ರ ಏನ ಬಂತ್ರೀ?" ಎಂದಳು.

"ಗೊತ್ತು ಅಮ್ಮಾ. ಸೌಮ್ಯಂಗೆ ರಾತ್ರಿ ಹೇಳ್ದೆ. ಈಗ ನೀವು ಯಾವ್ಯಾವ ಗೇಟಲ್ಲಿ ನಿಲ್ತೀರೋ ಅಲ್ಲೆಲ್ಲ ನಿಂತು ಹೇಳ್ತೀನಿ. ಸ್ಕೂಲ್ ಗೇಟಲ್ಲೂ ಹೇಳ್ತೀನಿ."

ಬೀದಿಯುದ್ದಕ್ಕೂ ಮುಂದೆ ಇನ್ನೂ ಎಷ್ಟೋ ಗೇಟುಗಳಿದ್ದವು. ಮನು ಅವನ್ನು ನೋಡಿದ. ಪಾಪ, ಆ ದಾರಿ ಅವನಿಗೆ ಶ್ರೀಶೈಲಕ್ಕಿಂತ ಉದ್ದ ಕಂಡಿರಬೇಕು. ಒಂದು ಹೆಜ್ಜೆ ಇಟ್ಟು, ಎಲ್ಲರಿಗಿಂತ ಹಿಂದೆ ಹೋಗಿ ನಿಲ್ಲಲು ನೋಡಿದ.

ತಂಗೆವ್ವ ಅವನ ತೋಳು ಹಿಡಿದು ತಡೆದಳು.

"ಅಲ್ಲಲ್ಲ, ಹಿಂದ ನಾ ಅದೀನಿ. ನೀವು ಮುಂದ ನಿಂದರ್ರಿ, ಮಲ್ಲಯ್ಯ. ಸೋತ ಕಾಲು ಮುಂದ."

ಮುನಿಯಕ್ಕ ಪಕ್ಕಕ್ಕೆ ಸರಿದು ಅವನಿಗೆ ಮುಂದಿನ ಜಾಗ ಬಿಟ್ಟಳು. ಗಗನ್ ಅಪ್ಪನ ಅಂಗಿಯ ಅಂಚು ಹಿಡಿದುಕೊಂಡ. ಮನು ಟೈಲರ್ ಮನೆಯ ಗೇಟಿನ ಕಡೆಗೆ ಮೆಲ್ಲಗೆ ಹೆಜ್ಜೆ ಹಾಕಿದ. ಹಿಂದಿನಿಂದ ತಂಗೆವ್ವ, "ಪ್ರಣವಾ, ನಡ್ಯಾಕ ಬರ್ತೀಯೇನು?" ಎಂದು ಕೂಗಿ, ತನ್ನ ನಡಿಗೆಯನ್ನು ಮನುವಿನ ನಡಿಗೆಗೆ ತಕ್ಕಂತೆ ನಿಧಾನ ಮಾಡಿಕೊಂಡಳು.